ಹಂಗು, ಗೆಳೆತನ ಮತ್ತು ಡಾ. ಜಾನ್ಸನ್

ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮ ಗೆಳೆಯರಿಗೆಲ್ಲ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಗೊತ್ತು. 1755ರಲ್ಲಿ ಇಂಗ್ಲಿಷಿನ ದೊಡ್ಡ ನಿಘಂಟು ತಂದವನು, ಮಾತಿನ ಮಲ್ಲ, ಬಾಸ್ವೆಲ್ ಬರೆದ ದಪ್ಪ ಜೀವನಚರಿತ್ರೆಯ ನಾಯಕ. ಅವನ ಗೆಳೆಯರ ಪಟ್ಟಿಯೂ ಗೊತ್ತಿರುತ್ತದೆ: ಚಿತ್ರಕಾರ ರೆನಾಲ್ಡ್ಸ್, ವಾಗ್ಮಿ ಬರ್ಕ್, ಕವಿ ಗೋಲ್ಡ್‌ಸ್ಮಿತ್, ನಟ ಗ್ಯಾರಿಕ್. 1764ರಲ್ಲಿ ರೆನಾಲ್ಡ್ಸ್ ಮತ್ತು ಜಾನ್ಸನ್ ಲಂಡನ್ನಿನಲ್ಲಿ ಶುರುಮಾಡಿದ 'ಕ್ಲಬ್' ಎಂಬ ಕೂಟಕ್ಕೆ ಇವರೆಲ್ಲ ಆಗಲೋ ಆಮೇಲೋ ಬಂದು ಸೇರಿದವರು. ಪರೀಕ್ಷೆಗೆ ಇಷ್ಟು ಸಾಕು. ಆದರೆ 1752ರಿಂದ 1784ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಆ ಮನುಷ್ಯನ ಮನೆಯ ಬಾಗಿಲು ತೆರೆದವನು, ಅವನ ಕಾಗದಗಳನ್ನು ಒಯ್ದವನು, ಊಟಕ್ಕೆ ಬಡಿಸಿದವನು, ಕೊನೆಗೆ ಸಾವಿನ ಹಾಸಿಗೆಯ ಪಕ್ಕ ಇದ್ದವನು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅವನ ಹೆಸರು ಫ್ರಾನ್ಸಿಸ್ ಬಾರ್ಬರ್. ಜಮೈಕಾದ ಕಬ್ಬಿನ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿದ ಕರಿಯ ಹುಡುಗ.

ನಾವು ಇಲ್ಲಿ ಕೇಳಿಕೊಳ್ಳಬೇಕು ಅಂತಿರುವುದು ಒಂದೇ ಪ್ರಶ್ನೆ. ಒಬ್ಬ ಯಾವಾಗಲೂ ಕೊಡುವವನು, ಇನ್ನೊಬ್ಬ ಯಾವಾಗಲೂ ತೆಗೆದುಕೊಳ್ಳುವವನು ಆಗಿರುವ ಕಡೆ ಗೆಳೆತನ ಅನ್ನುವುದು ಸಾಧ್ಯವೇ? ಕೊಡುವವನು ಕೆಟ್ಟವನಾಗಿದ್ದರೆ ಈ ಪ್ರಶ್ನೆ ಬಲು ಸುಲಭ. ಅವನನ್ನು ಬೈದು ಮುಗಿಸಬಹುದು. ಕೊಡುವವನು ನಿಜಕ್ಕೂ ಒಳ್ಳೆಯವನಾಗಿದ್ದರೆ? ಜಾನ್ಸನ್ ಒಳ್ಳೆಯವನು. ಅದಕ್ಕೇ ಅವನನ್ನು ಆರಿಸಿಕೊಂಡಿದ್ದೇವೆ.

ಇನ್ನೊಂದು ಸಣ್ಣ ಮಾತು. ಕನ್ನಡದಲ್ಲಿ ಧಣಿಗೆ 'ಅವರು', ಆಳಿಗೆ 'ಅವನು' ಅಂತ ಬರೆಯುವುದು ನಮ್ಮ ಪಂಡಿತರ ರೂಢಿ. ಇಲ್ಲಿ ಇಬ್ಬರಿಗೂ 'ಅವನು' ಅಂತಲೇ ಬರೆಯುತ್ತೇವೆ. ಯಾರಿಗೂ ಇದರಿಂದ ಅವಮಾನವಿಲ್ಲ.

ಜಾನ್ಸನ್ ಹುಟ್ಟಿದ್ದು 1709ರಲ್ಲಿ, ಲಿಚ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ. ಅಪ್ಪ ಪುಸ್ತಕ ಮಾರುವವನು, ಸಾಲದಲ್ಲಿ ಮುಳುಗಿದವನು. ಮಗು ಹುಟ್ಟುತ್ತಲೇ ಗಂಡಮಾಲೆ ರೋಗ ಹತ್ತಿ ಮುಖದ ಮೇಲೆ ಕಲೆ ಉಳಿಯಿತು, ಕಣ್ಣು ಮಂಜಾಯಿತು. 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಸೇರಿದ. ಅಲ್ಲಿ ದುಡ್ಡಿದ್ದವರ ಮಕ್ಕಳ ನಡುವೆ ಕಾಲ್ಬೆರಳು ಹೊರಗೆ ಕಾಣುವಂಥ ಹರಕು ಬೂಟು ಹಾಕಿಕೊಂಡು ಓಡಾಡುತ್ತಿದ್ದ. ಯಾರೋ ಪುಣ್ಯಾತ್ಮರು ನೋಡಿ ಮರುಗಿ, ಒಂದು ಜೊತೆ ಹೊಸ ಬೂಟನ್ನು ಅವನ ಕೋಣೆಯ ಬಾಗಿಲ ಬಳಿ ಸದ್ದಿಲ್ಲದೆ ಇಟ್ಟು ಹೋದರು. ಜಾನ್ಸನ್ ಅದನ್ನು ಎತ್ತಿ ಎಸೆದ.

ಈ ಬೂಟಿನ ಕಥೆಯನ್ನು ಹೇಳುವಾಗ ಮೇಷ್ಟ್ರುಗಳು ನಗುತ್ತಾರೆ, 'ಎಂಥ ಹಮ್ಮು ನೋಡಿ' ಅನ್ನುತ್ತಾರೆ. ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದಿದ ನಮ್ಮ ಹುಡುಗರಿಗೆ ಇದರಲ್ಲಿ ನಗು ಬರಲಿಕ್ಕಿಲ್ಲ. ಆ ಬೂಟಿನಲ್ಲಿ ತಪ್ಪೇನೂ ಇರಲಿಲ್ಲ. ಇಟ್ಟವನ ಮನಸ್ಸಿನಲ್ಲೂ ಕೆಡುಕು ಇರಲಿಲ್ಲ. ಆದರೆ ನಿನಗೆ ಏನು ಬೇಕು ಅಂತ ನಾವು ತೀರ್ಮಾನ ಮಾಡಿದ್ದೇವೆ, ನಿನ್ನನ್ನು ಕೇಳುವ ಅಗತ್ಯವಿಲ್ಲ ಎಂಬ ಮಾತು ಆ ಬೂಟಿನ ಜೊತೆಗೇ ಬಂದಿತ್ತು. ಹಂಗು ಅಂದರೆ ಇದೇ. ಸುಮಾರು ಹದಿಮೂರು ತಿಂಗಳಿಗೆ ದುಡ್ಡು ಮುಗಿದು ಜಾನ್ಸನ್ ಪದವಿ ಇಲ್ಲದೆ ಕಾಲೇಜು ಬಿಟ್ಟ. ಅವನ ಹೆಸರಿನ ಹಿಂದಿನ 'ಡಾಕ್ಟರ್' ಎಷ್ಟೋ ವರ್ಷಗಳ ಮೇಲೆ ಬೇರೆಯವರು ಗೌರವಕ್ಕೆ ಕೊಟ್ಟದ್ದು.

1737ರಲ್ಲಿ ತನ್ನ ಶಿಷ್ಯನೇ ಆಗಿದ್ದ ಗ್ಯಾರಿಕ್ ಜೊತೆ ಲಂಡನ್ನಿಗೆ ಬಂದ. ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುವ ಕೆಲಸ. ಆಗ ಸಿಕ್ಕವನು ಕವಿ ರಿಚರ್ಡ್ ಸ್ಯಾವೇಜ್. ತಾನು ದೊಡ್ಡ ಮನೆತನದ ಹೆಣ್ಣೊಬ್ಬಳ ಗುಪ್ತ ಮಗ ಅಂತ ಹೇಳಿಕೊಂಡು ತಿರುಗುತ್ತಿದ್ದ. ಜಗಳದಲ್ಲಿ ಒಬ್ಬನನ್ನು ಕೊಂದು ಗಲ್ಲಿನಿಂದ ಪಾರಾಗಿ ಬಂದವನು. ಮಲಗಲು ಬಾಡಿಗೆ ಕೋಣೆಗೆ ಕಾಸಿಲ್ಲದ ರಾತ್ರಿಗಳಲ್ಲಿ ಇಬ್ಬರೂ ಲಂಡನ್ನಿನ ಬೀದಿ ಸುತ್ತುತ್ತಾ ರಾಜಕೀಯ ಮಾತಾಡುತ್ತಾ ಬೆಳಗು ಮಾಡುತ್ತಿದ್ದರು. ಜಾನ್ಸನ್ನನ ಬದುಕಿನಲ್ಲಿ ಹಂಗಿಲ್ಲದ ಗೆಳೆತನ ಒಂದಿದ್ದರೆ ಅದು ಇದು ಅಂತ ನಮಗೆ ಅನ್ನಿಸುತ್ತದೆ. ಯಾಕೆಂದರೆ ಇಬ್ಬರ ಜೇಬೂ ಖಾಲಿ. ಸ್ಯಾವೇಜ್ 1743ರಲ್ಲಿ ಬ್ರಿಸ್ಟಲ್ಲಿನ ಜೈಲಿನಲ್ಲಿ ಸಾಲಗಾರನಾಗಿ ಸತ್ತ. ಮುಂದಿನ ವರ್ಷ ಜಾನ್ಸನ್ ಅವನ ಜೀವನಚರಿತ್ರೆ ಬರೆದ.

ಆ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಸ್ಯಾವೇಜನ ಹಿತೈಷಿಗಳು ಚಂದಾ ಎತ್ತಿ ಅವನನ್ನು ವೇಲ್ಸ್ ನಾಡಿಗೆ ಕಳಿಸಲು ನಿರ್ಧರಿಸುತ್ತಾರೆ. ಹೊಸ ಬಟ್ಟೆ ಬೇಕಲ್ಲ? ಅವನಿಗೆ ಹೇಳದೆ ಕೇಳದೆ ಒಬ್ಬ ದರ್ಜಿಯನ್ನು ಕರೆಸಿ ಅಳತೆ ತೆಗೆಸಲು ಹೊರಡುತ್ತಾರೆ. ಸ್ಯಾವೇಜ್ ಕೆಂಡವಾಗುತ್ತಾನೆ. ಹರಕು ಬಟ್ಟೆಯ ಭಿಕಾರಿಗೆ ಇಷ್ಟು ಸಿಟ್ಟೇ ಅಂತ ಊರವರು ನಕ್ಕಿರಬಹುದು. ಜಾನ್ಸನ್ ಗೆಳೆಯನ ದುರಹಂಕಾರವನ್ನು ಮುಚ್ಚಿಡುವುದಿಲ್ಲ, ಆದರೂ ಆ ಸಿಟ್ಟಿನ ಒಳಗನ್ನು ಕಂಡು ಬರೆಯುತ್ತಾನೆ. ಬಾಗಿಲ ಬಳಿಯ ಬೂಟು ಅವನಿಗೆ ಮರೆತಿರಲಿಲ್ಲ.

ಇನ್ನು ಚೆಸ್ಟರ್‌ಫೀಲ್ಡ್ ಸಾಹೇಬನ ಕಥೆ. ಇದು ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳುತ್ತೇವೆ. 1747ರಲ್ಲಿ ನಿಘಂಟಿನ ಯೋಜನೆಯನ್ನು ಜಾನ್ಸನ್ ಈ ಪ್ರಭುವಿಗೆ ಒಪ್ಪಿಸಿದ. ಹತ್ತು ಪೌಂಡು ಸಿಕ್ಕಿತು. ಆಮೇಲೆ ಹೊರಗಿನ ಕೋಣೆಯಲ್ಲಿ ಕಾಯಿಸಿದ್ದು ಬಿಟ್ಟರೆ ಏನೂ ಇಲ್ಲ. ಆರು ಜನ ನಕಲುಗಾರರನ್ನು ಇಟ್ಟುಕೊಂಡು, ಎಂಟೊಂಬತ್ತು ವರ್ಷ ಗೇಯ್ದು, ಸುಮಾರು 42,000 ಪದಗಳ ನಿಘಂಟು ಮುಗಿಯುತ್ತಾ ಬಂದಾಗ ಪ್ರಭು ಪತ್ರಿಕೆಯಲ್ಲಿ ಹೊಗಳಿ ಬರೆದ. ಮುಳುಗುವಾಗ ಸುಮ್ಮನಿದ್ದು ದಡ ಸೇರಿದ ಮೇಲೆ ಕೈಕೊಡಲು ಬರುವ ಪೋಷಕ ನನಗೆ ಬೇಡ ಎಂಬರ್ಥದ ಕಾಗದವನ್ನು 1755ರ ಫೆಬ್ರವರಿಯಲ್ಲಿ ಜಾನ್ಸನ್ ಅವನಿಗೆ ಬರೆದ. ನಿಘಂಟಿನಲ್ಲಿ 'ಪೋಷಕ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೂ ಆ ಉರಿ ಇದೆ. ಆಶ್ರಯದಾತರನ್ನು ಹೊಗಳಿ ಹೊಗಳಿಯೇ ಬೆಳೆದ ಆಸ್ಥಾನ ಸಾಹಿತ್ಯಕ್ಕೆ ಒಬ್ಬ ಬಡ ಲೇಖಕ ಕೊಟ್ಟ ಏಟು ಅದು.

ಈ ಕಾಗದ ಬರೆಯುವ ಹೊತ್ತಿಗೆ ಗೋಫ್ ಸ್ಕ್ವೇರಿನ ಅದೇ ಮನೆಯಲ್ಲಿ, ನಿಘಂಟಿನ ಚೀಟಿಗಳ ರಾಶಿಯ ನಡುವೆ, ಹನ್ನೆರಡು ವರ್ಷದ ಆಸುಪಾಸಿನ ಕರಿಯ ಹುಡುಗ ಓಡಾಡುತ್ತಿದ್ದ. ಹುಟ್ಟಿದಾಗ ಅವನಿಗಿದ್ದ ಹೆಸರು ಕ್ವಾಶಿ. ತೋಟದ ಒಡೆಯ ಕರ್ನಲ್ ಬ್ಯಾಥರ್ಸ್ಟ್ 1750ರಲ್ಲಿ ಇಂಗ್ಲೆಂಡಿಗೆ ಮರಳುವಾಗ ಏಳೆಂಟು ವರ್ಷದ ಮಗುವನ್ನು ಜೊತೆಗೆ ತಂದು, ದೀಕ್ಷಾಸ್ನಾನ ಮಾಡಿಸಿ ಫ್ರಾನ್ಸಿಸ್ ಬಾರ್ಬರ್ ಅಂತ ಹೆಸರಿಟ್ಟ. ಕೆಲಕಾಲ ಯಾರ್ಕ್‌ಷೈರಿನ ಶಾಲೆಗೂ ಕಳಿಸಿದ. ಕರ್ನಲ್ಲನ ಮಗ ಡಾ. ರಿಚರ್ಡ್ ಬ್ಯಾಥರ್ಸ್ಟ್ ಜಾನ್ಸನ್ನನ ಜೀವದ ಗೆಳೆಯ, ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದವನು. 1752ರ ಮಾರ್ಚಿನಲ್ಲಿ ಜಾನ್ಸನ್ನನ ಹೆಂಡತಿ ತೀರಿಕೊಂಡಳು. ಹದಿನೈದು ದಿನಕ್ಕೆ ಹುಡುಗ ಆ ಮನೆಗೆ ಬಂದ. ಗೆಳೆಯನ ದುಃಖಕ್ಕೆ ಗೆಳೆಯ ಕಳಿಸಿದ ಸಾಂತ್ವನ ಆ ಹುಡುಗ! ಗಮನಿಸಿ, ಇಬ್ಬರು ಸಜ್ಜನರ ಸ್ನೇಹದ ನಡುವೆ ಮೂರನೆಯ ಮನುಷ್ಯನೊಬ್ಬ ಕೈಯಿಂದ ಕೈಗೆ ದಾಟಿದ. ಮುಂದೆ ಕರ್ನಲ್ ಸಾಯುವಾಗ ಉಯಿಲಿನಲ್ಲಿ ಹುಡುಗನಿಗೆ ಬಿಡುಗಡೆಯನ್ನೂ ಹನ್ನೆರಡು ಪೌಂಡನ್ನೂ ಬರೆದಿಟ್ಟ. ನಿಘಂಟಿನ ಹಾಳೆಗಳಲ್ಲಿ ಬಾರ್ಬರ್ ತನ್ನ ಹೆಸರನ್ನು ಬರೆದು ಬರೆದು ಅಕ್ಷರ ತಿದ್ದಿದ ಗುರುತು ಉಳಿದಿದೆ. ಇಂಗ್ಲಿಷ್ ಭಾಷೆಯ ಅಷ್ಟೂ ಪದಗಳಿಗೆ ಅರ್ಥ ಕಟ್ಟುತ್ತಿದ್ದ ಕಾಗದದ ಮೇಲೆ ಒಬ್ಬ ಹುಡುಗ ತನ್ನ ಹೊಸ ಹೆಸರನ್ನು ಕಲಿಯುತ್ತಿದ್ದ.

1756ರಲ್ಲಿ ಬಾರ್ಬರ್ ಮನೆ ಬಿಟ್ಟ. ಚೀಪ್‌ಸೈಡಿನ ಒಬ್ಬ ಔಷಧಿ ಅಂಗಡಿಯವನ ಬಳಿ ಕೆಲಸಕ್ಕೆ ಸೇರಿದ. ಜಾನ್ಸನ್ನನನ್ನು ನೋಡಲು ಆಗಾಗ ಬರುತ್ತಲೂ ಇದ್ದ. ಅಂದರೆ ದ್ವೇಷದಿಂದ ಹೋದವನಲ್ಲ. 1758ರ ಜುಲೈನಲ್ಲಿ ನೌಕಾಪಡೆ ಸೇರಿ 'ಸ್ಟ್ಯಾಗ್' ಎಂಬ ಯುದ್ಧನೌಕೆ ಹತ್ತಿದ. ಆಗ ಅವನಿಗೆ ಹದಿನಾರರ ಸುಮಾರು. ಇಂಗ್ಲಿಷ್ ನೌಕಾಪಡೆ ಏನೂ ಸ್ವರ್ಗವಾಗಿರಲಿಲ್ಲ. ಬೆತ್ತದೇಟು, ಹುಳು ಬಿದ್ದ ರೊಟ್ಟಿ, ಬೀದಿಯಲ್ಲಿ ಹೋಗುವವರನ್ನು ಹಿಡಿದು ದಬ್ಬಿಕೊಂಡು ಹೋಗುವ ಪದ್ಧತಿ. ಆದರೆ ಬಾರ್ಬರನನ್ನು ಯಾರೂ ಹಿಡಿದು ತಂದಿರಲಿಲ್ಲ. ತಾನಾಗಿ ಬಂದಿದ್ದ. ಹಡಗಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತು, ಹೆಸರಿನ ಮುಂದೆ ಸಂಬಳವಿತ್ತು.

ಜಾನ್ಸನ್ ತಳಮಳಿಸಿದ. ಹಡಗೆಂದರೆ ಜೈಲಿಗಿಂತ ಕಡೆ ಅಂತ ಅವನ ಅಭಿಪ್ರಾಯ. ಹುಡುಗ ನಾಜೂಕು ದೇಹದವನು, ಗಂಟಲ ರೋಗದವನು ಅಂತ ಹೇಳಿಸಿ, ಕಾದಂಬರಿಕಾರ ಸ್ಮಾಲೆಟ್ ಕೈಲಿ 1759ರ ಮಾರ್ಚಿನಲ್ಲಿ ರಾಜಕಾರಣಿ ಜಾನ್ ವಿಲ್ಕ್ಸ್‌ಗೆ ಕಾಗದ ಬರೆಸಿದ. ವಿಲ್ಕ್ಸ್ ಅವನ ರಾಜಕೀಯ ವಿರೋಧಿ. ತನಗಾಗಿ ಯಾರ ಮುಂದೂ ಕೈಯೊಡ್ಡದವನು ಆ ಹುಡುಗನಿಗಾಗಿ ವಿರೋಧಿಯ ಬಾಗಿಲು ತಟ್ಟಿದ. ಇದು ಸಣ್ಣ ಪ್ರೀತಿಯಲ್ಲ, ಒಪ್ಪಿಕೊಳ್ಳೋಣ. ಅಧಿಕಾರಿಗಳ ಮಟ್ಟದಲ್ಲಿ ಕೆಲಸ ನಡೆದು 1760ರಲ್ಲಿ ಬಾರ್ಬರನಿಗೆ ಬಿಡುಗಡೆಯ ಆದೇಶ ಬಂತು.

ಎಷ್ಟೋ ವರ್ಷಗಳ ಮೇಲೆ, ಜಾನ್ಸನ್ ಸತ್ತ ಬಳಿಕ, ಬಾಸ್ವೆಲ್ ತನ್ನ ಪುಸ್ತಕಕ್ಕಾಗಿ ಬಾರ್ಬರನನ್ನು ವಿಚಾರಿಸಿದ. ಆಗ ಬಾರ್ಬರ್ ತಿಳಿಸಿದ ಸಂಗತಿಗಳಲ್ಲಿ ಇದೂ ಒಂದು: ಆ ಬಿಡುಗಡೆಯನ್ನು ತಾನು ಬಯಸಿರಲಿಲ್ಲ. ಬಾಸ್ವೆಲ್ ಅದನ್ನು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾನೆ. ನಮಗೆ ಮುಂದೆ ಹೋಗಲು ಆಗುವುದಿಲ್ಲ. ಬಾಗಿಲ ಬಳಿಯ ಬೂಟನ್ನು ಎಸೆದವನು, ದರ್ಜಿಯ ಮೇಲೆ ರೇಗಿದ ಗೆಳೆಯನ ಮನಸ್ಸನ್ನು ಅರಿತವನು, ಪ್ರಭುವಿನ ಹೊಗಳಿಕೆಯನ್ನು ಅವನ ಮುಖಕ್ಕೇ ಹಿಂತಿರುಗಿಸಿದವನು, ಇವನೇ ಒಬ್ಬ ಹುಡುಗನಿಗೆ ಏನು ಒಳ್ಳೆಯದು ಅಂತ ಅವನನ್ನು ಕೇಳದೆ ತೀರ್ಮಾನಿಸಿದ. ಹಂಗಿನ ಕಹಿ ಉಂಡವನಿಗೂ ತಾನು ಹಂಗು ಹೊರಿಸುವಾಗ ಅದು ಕಾಣದೆ ಹೋಯಿತೇ? ಅಥವಾ, ಕರಿಯನ ಮಾನ ತನ್ನ ಮಾನದಷ್ಟೇ ನೋಯುತ್ತದೆ ಎಂಬ ಕಡೆಗೆ ಆ ಒಂದು ಸಲ ಅವನ ಬುದ್ಧಿ ಹೊರಳಲಿಲ್ಲವೇ?

ಎರಡನೆಯದನ್ನು ಸುಮ್ಮನೆ ಹೌದೆಂದು ಬಿಡುವ ಹಾಗಿಲ್ಲ. ಅವನ ಬೆಕ್ಕಿನ ಸಂಗತಿ ನೋಡಿ. ಹಾಡ್ಜ್ ಎಂಬ ಮುದಿ ಬೆಕ್ಕಿಗೆ ಸಮುದ್ರದ ಸಿಂಪಿ ತರಲು ದೇಶಕ್ಕೆಲ್ಲ ಹೆಸರಾದ ಜಾನ್ಸನ್ ತಾನೇ ಪೇಟೆಗೆ ಹೋಗುತ್ತಿದ್ದ. ಒಂದು ಪ್ರಾಣಿಯ ಚಾಕರಿಗೆ ತನ್ನನ್ನು ಅಟ್ಟಿದರೆ ಫ್ರಾನ್ಸಿಸನ ಮನಸ್ಸು ನೋಯಬಹುದು ಎಂಬ ಕಾರಣಕ್ಕೆ ಹೀಗೆ ಮಾಡುತ್ತಿದ್ದನೆಂದು ಅವನ ಗೆಳತಿ ಶ್ರೀಮತಿ ಥ್ರೇಲ್ ಬರೆದಿದ್ದಾಳೆ. ಅಂದರೆ ಆ ನೋವು ಏನೆಂದು ಅವನಿಗೆ ಗೊತ್ತಿತ್ತು. 1767ರಲ್ಲಿ ಇಪ್ಪತ್ತೈದರ ಬಾರ್ಬರನನ್ನು ಬಿಷಪ್ಸ್ ಸ್ಟಾರ್ಟ್‌ಫರ್ಡಿನ ಗ್ರಾಮರ್ ಶಾಲೆಗೆ ಕಳಿಸಿ ಸುಮಾರು ಮುನ್ನೂರು ಪೌಂಡು ಖರ್ಚು ಮಾಡಿದ. ಸರ್ಕಾರ 1762ರಿಂದ ಅವನಿಗೆ ಕೊಡುತ್ತಿದ್ದ ಪಿಂಚಣಿಯೇ ವರ್ಷಕ್ಕೆ ಮುನ್ನೂರು. ಶಾಲೆಯಲ್ಲಿದ್ದವನಿಗೆ ತಾನೇ ಕಾಗದ ಬರೆದು, ಓದು ಓದು ಅಂತ ಅಪ್ಪನ ಹಾಗೆ ಬೆನ್ನು ಹತ್ತಿದ. 1773ರಲ್ಲಿ ಬಾರ್ಬರ್ ಎಲಿಜಬೆತ್ ಬಾಲ್ ಎಂಬ ಬಿಳಿಯ ಹೆಣ್ಣನ್ನು ಮದುವೆಯಾದ. ಮುಂದೆ ಅವನ ಹೆಂಡತಿ ಮಕ್ಕಳೂ ಅದೇ ಮನೆಯಲ್ಲಿ ನೆಲೆಸಿದರು.

ಆ ಮನೆಯೂ ಒಂದು ವಿಚಿತ್ರ ಛತ್ರ. ಕುರುಡಿ ಕವಯಿತ್ರಿ ಆನಾ ವಿಲಿಯಮ್ಸ್, ಪದವಿಯಿಲ್ಲದೆ ಬಡವರಿಗೆ ಮದ್ದು ಕೊಟ್ಟು ಕೆಲವೊಮ್ಮೆ ಸಾರಾಯಿಯನ್ನೇ ಫೀಜಾಗಿ ಪಡೆದು ಬರುತ್ತಿದ್ದ ರಾಬರ್ಟ್ ಲೆವೆಟ್, ದಿಕ್ಕಿಲ್ಲದ ವಿಧವೆ ಶ್ರೀಮತಿ ಡೆಸ್ಮೂಲಿನ್ಸ್. ಎಲ್ಲರೂ ಜಾನ್ಸನ್ನನ ಅನ್ನ ಉಂಡು ಒಬ್ಬರನ್ನೊಬ್ಬರು ಕಂಡರೆ ಉರಿದುಬೀಳುತ್ತಿದ್ದರು. ಬಾರ್ಬರನ ಓದಿಗೆ ಸುರಿದ ದುಡ್ಡಿನ ಬಗ್ಗೆ ಆನಾ ವಿಲಿಯಮ್ಸ್ ಚುಚ್ಚುತ್ತಲೇ ಇದ್ದಳಂತೆ. ಹಂಗಿನಲ್ಲಿರುವವರು ಒಂದಾಗುವುದು ಸುಲಭವಲ್ಲ ಅನ್ನುವುದು ನಮ್ಮ ಸಂಘಟನೆಗಳಲ್ಲಿ ಕೆಲಸ ಮಾಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ.

ಈಗ ಅವನ ರಾಜಕೀಯಕ್ಕೆ ಬರೋಣ. ಜಾನ್ಸನ್ ಪಕ್ಕಾ ಟೋರಿ, ಮೇಲುಕೀಳಿನ ಏಣಿ ಇದ್ದರೇ ಸಮಾಜಕ್ಕೆ ಸುಖ ಅಂತ ನಂಬಿದವನು. ಸಮಾನತೆಯ ಮಾತಾಡುತ್ತಿದ್ದ ಇತಿಹಾಸಕಾರ್ತಿ ಕ್ಯಾಥರೀನ್ ಮೆಕಾಲೆಯ ಮನೆಯಲ್ಲಿ ಊಟಕ್ಕೆ ಕೂತಾಗ, ಹಾಗಾದರೆ ನಿಮ್ಮ ಆಳನ್ನೂ ಪಂಕ್ತಿಯಲ್ಲಿ ಕೂರಿಸಿ ಅಂತ ಅವಳನ್ನು ಪೇಚಿಗೆ ಸಿಕ್ಕಿಸಿದ್ದನ್ನು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಈ ಜೋಕು ಇವತ್ತೂ ಚಲಾವಣೆಯಲ್ಲಿದೆ. ಸಮಾನತೆ ಅಂತ ಬಾಯಿಬಿಟ್ಟವರಿಗೆಲ್ಲ 'ನಿಮ್ಮ ಮನೆ ಆಳನ್ನು ಕೂರಿಸ್ತೀರಾ?' ಅಂತ ಕೇಳುವ ಜಾಣರು ನಮ್ಮಲ್ಲೂ ಇದ್ದಾರೆ. ಜೋಕಿನಲ್ಲಿ ಮೆಕಾಲೆಯ ಸೋಗಿಗೆ ಬಿದ್ದ ಏಟು ನ್ಯಾಯವಾದದ್ದೇ ಇರಬಹುದು. ಆದರೆ ಅಲ್ಲಿ ತಟ್ಟೆ ಹಿಡಿದು ನಿಂತಿದ್ದ ಆಳಿನ ಕಡೆ ತಿರುಗಿ 'ನೀನೇನಂತೀಯಪ್ಪಾ?' ಅಂತ ಇಬ್ಬರೂ ಕೇಳಲಿಲ್ಲ.

ಇದೇ ಟೋರಿ ಆಕ್ಸ್‌ಫರ್ಡಿನಲ್ಲಿ ಗಂಭೀರ ವಿದ್ವಾಂಸರ ನಡುವೆ ಮದ್ಯದ ಬಟ್ಟಲೆತ್ತಿ, ವೆಸ್ಟ್ ಇಂಡೀಸಿನ ಗುಲಾಮರ ಮುಂದಿನ ಬಂಡಾಯಕ್ಕೆ ಜಯವಾಗಲಿ ಅಂತ ಹಾರೈಸಿದ. ಆ ದ್ವೀಪಗಳಲ್ಲಿ ಬಂಡಾಯ ಅಂದರೆ ಏನೆಂದು ಆ ಕಾಲದ ಇಂಗ್ಲಿಷರಿಗೆ ಗೊತ್ತಿತ್ತು. 1760ರಲ್ಲಿ ಬಾರ್ಬರನ ಜಮೈಕಾದಲ್ಲೇ ಟ್ಯಾಕಿ ಎಂಬುವನ ಮುಂದಾಳುತನದಲ್ಲಿ ಗುಲಾಮರು ಎದ್ದಿದ್ದರು, ಅವರನ್ನು ಭೀಕರವಾಗಿ ಕೊಂದು ಅಡಗಿಸಲಾಗಿತ್ತು. 1775ರಲ್ಲಿ ಅಮೆರಿಕದ ವಸಾಹತಿನವರ ವಿರುದ್ಧ ಬರೆದ ಪುಸ್ತಿಕೆಯಲ್ಲಿ, ಗುಲಾಮರನ್ನು ದುಡಿಸುವವರ ಗಂಟಲಿನಿಂದಲೇ ಸ್ವಾತಂತ್ರ್ಯದ ಕೂಗು ಎಲ್ಲಕ್ಕಿಂತ ಜೋರಾಗಿ ಬರುತ್ತಿರುವುದೇಕೆ ಅಂತ ಜಾನ್ಸನ್ ಕೇಳಿದ. ಸರ್ಕಾರದ ಪಿಂಚಣಿ ತಿಂದು ಸರ್ಕಾರದ ಪರ ಬರೆದ ಪುಸ್ತಿಕೆ ಅದು, ನಿಜ. ಆ ಪ್ರಶ್ನೆ ಮಾತ್ರ ನಿಜವಾದ ಪ್ರಶ್ನೆ.

1777ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆಫ್ರಿಕದಿಂದ ಹಿಡಿದು ತಂದು ಜಮೈಕಾದಲ್ಲಿ ಮಾರಲ್ಪಟ್ಟಿದ್ದ ಜೋಸೆಫ್ ನೈಟ್ ಎಂಬುವನು ಸ್ಕಾಟ್ಲೆಂಡಿನಲ್ಲಿ ತನ್ನ ಒಡೆಯನ ವಿರುದ್ಧ ಬಿಡುಗಡೆಗಾಗಿ ಕೋರ್ಟಿನಲ್ಲಿ ಹೋರಾಡುತ್ತಿದ್ದ. ಜಾನ್ಸನ್ ಅವನ ಪರವಾಗಿ ಒಂದು ವಾದವನ್ನು ಬಾಸ್ವೆಲ್ಲನಿಗೆ ಹೇಳಿ ಬರೆಸಿದ. ಯುದ್ಧದಲ್ಲಿ ಸಿಕ್ಕವನು ಜೀವ ಉಳಿಸಿಕೊಳ್ಳಲು ತಾನು ಗುಲಾಮನಾಗಲು ಒಪ್ಪಬಹುದು, ಆದರೆ ಹುಟ್ಟಲಿರುವ ಮಕ್ಕಳ ಪರವಾಗಿ ಒಪ್ಪುವ ಹಕ್ಕು ಅವನಿಗಿಲ್ಲ ಎಂಬುದು ಅದರ ಒಂದು ಮುಖ್ಯ ಎಳೆ. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ಜೀತಕ್ಕೆ ನಿಲ್ಲುವುದನ್ನು ಕಂಡ ನಾಡಿನವರಾದ ನಮಗೆ, ಅದನ್ನು ನಿಷೇಧಿಸಲು 1976ರ ಕಾಯ್ದೆಯವರೆಗೆ ಕಾಯಬೇಕಾಗಿ ಬಂದ ನಮಗೆ, ಈ ವಾದದ ಬೆಲೆ ಬಿಡಿಸಿ ಹೇಳಬೇಕಿಲ್ಲ. 1778ರ ಜನವರಿಯಲ್ಲಿ ನೈಟ್ ಗೆದ್ದ.

ಆ ವಾದವನ್ನು ಬರೆದುಕೊಂಡ ಬಾಸ್ವೆಲ್ ಏನು ಮಾಡಿದ? 1791ರಲ್ಲಿ ಜೀವನಚರಿತ್ರೆಯಲ್ಲಿ ಅದನ್ನು ಪೂರ್ತಿ ಅಚ್ಚು ಹಾಕಿಸಿ, ಅದರ ಬೆನ್ನಿಗೇ ತನ್ನ ವಿರೋಧವನ್ನೂ ಅಚ್ಚು ಹಾಕಿಸಿದ. ಗುಲಾಮರ ವ್ಯಾಪಾರ ನಿಲ್ಲಿಸುವುದು ಒಡೆಯರಿಗೂ ಅನ್ಯಾಯ, ಆಫ್ರಿಕದವರಿಗೂ ಕ್ರೌರ್ಯ ಎಂಬುದು ಅವನ ನಿಲುವು. ಅದೇ ವರ್ಷ ಗುಲಾಮಗಿರಿ ರದ್ದಾಗಬಾರದು ಅಂತ ಒಂದು ಪದ್ಯವನ್ನೂ ಪ್ರಕಟಿಸಿದ. ಜಗತ್ಪ್ರಸಿದ್ಧ ಗೆಳೆತನ ಅಂತ ನಮಗೆ ಪಾಠ ಮಾಡುವುದು ಈ ಬಾಸ್ವೆಲ್ಲನದ್ದನ್ನು! ಇಪ್ಪತ್ತೊಂದು ವರ್ಷ ಪಕ್ಕದಲ್ಲಿ ಕೂತು ಮಾತನ್ನೆಲ್ಲ ಬರೆದುಕೊಂಡವನಿಗೆ ಆ ಮಾತು ಒಳಗೆ ಇಳಿದಿರಲಿಲ್ಲ. ತನ್ನ ಪುಸ್ತಕಕ್ಕೆ ಬೇಕಾದ ಕಾಗದಪತ್ರ, ನೆನಪುಗಳನ್ನು ಅವನು ಬಾರ್ಬರನಿಂದ ಕೇಳಿ ಪಡೆದುಕೊಂಡದ್ದೂ ಉಂಟು.

1784ರ ಡಿಸೆಂಬರಿನಲ್ಲಿ ಸಾವು ಹತ್ತಿರ ಬಂದಾಗ ಜಾನ್ಸನ್ ವೈದ್ಯನನ್ನು ಕೇಳಿದ: ನೆಚ್ಚಿನ ಆಳಿಗೆ ವರ್ಷಾಶನ ಎಷ್ಟು ಬಿಡುವುದು ವಾಡಿಕೆ? ದೊಡ್ಡ ಪ್ರಭುವಾದರೆ ಐವತ್ತು ಪೌಂಡು ಬಿಟ್ಟಾನು ಅಂತ ಉತ್ತರ ಬಂತು. ಹಾಗಾದರೆ ನಾನು ಪ್ರಭುಗಳಿಗಿಂತ ದೊಡ್ಡ ಪ್ರಭುವಾಗುತ್ತೇನೆ ಎಂಬರ್ಥದ ಮಾತಾಡಿ ಎಪ್ಪತ್ತು ಪೌಂಡು ಬರೆಸಿದ. ಬೇರೆಯವರಿಗೆ ಕೊಟ್ಟು ಉಳಿದ ಆಸ್ತಿಯೂ ಬಾರ್ಬರನಿಗೇ ಸೇರಬೇಕೆಂದು ಉಯಿಲು ಮಾಡಿದ. ಆ ಎಪ್ಪತ್ತು ಪೌಂಡಿನಲ್ಲಿ ಪ್ರೀತಿ ಎಷ್ಟು, ಚೆಸ್ಟರ್‌ಫೀಲ್ಡನಂಥವರ ಮೇಲಿನ ಹಳೆಯ ಸೇಡೆಷ್ಟು ಅಂತ ತೂಗಿ ನೋಡುವುದು ನಮ್ಮಿಂದಾಗದು. ಎರಡೂ ಇದ್ದವು.

ಉಯಿಲು ಜಾರಿ ಮಾಡಬೇಕಾಗಿದ್ದವರಲ್ಲಿ ಒಬ್ಬ ಸರ್ ಜಾನ್ ಹಾಕಿನ್ಸ್, ಜಾನ್ಸನ್ನನ ಹಳೆಯ ಗೆಳೆಯ, ನ್ಯಾಯಾಧೀಶನ ಕುರ್ಚಿಯಲ್ಲಿ ಕೂತವನು. ಕರಿಯನೊಬ್ಬನಿಗೆ ಇಷ್ಟೊಂದು ಆಸ್ತಿ ಹೋಗುವುದು ಅವನಿಗೆ ಸಹಿಸಲಾಗಲಿಲ್ಲ. 1787ರಲ್ಲಿ ತಾನು ಬರೆದ ಜಾನ್ಸನ್ ಚರಿತ್ರೆಯಲ್ಲಿ ಬಾರ್ಬರನನ್ನೂ ಅವನ ಹೆಂಡತಿಯನ್ನೂ ಹೀಯಾಳಿಸಿ, ಕರಿಯರಿಗೆ ಅತಿಯಾಗಿ ಕೊಡಬಾರದು ಅಂತ ಲೋಕಕ್ಕೆ ಎಚ್ಚರಿಕೆ ಹೇಳಿದ. ಥ್ರೇಲ್ ಬರೆದಳು, ಹಾಕಿನ್ಸ್ ಬರೆದ, ಬಾಸ್ವೆಲ್ ಬರೆದ. ಬಾರ್ಬರ್ ಬರೆದ ಜಾನ್ಸನ್ ಚರಿತ್ರೆ ಇಲ್ಲ.

ಬಾರ್ಬರ್ ಲಂಡನ್ ಬಿಟ್ಟು ಹೆಂಡತಿ ಮಕ್ಕಳ ಜೊತೆ ಜಾನ್ಸನ್ನನ ಹುಟ್ಟೂರು ಲಿಚ್‌ಫೀಲ್ಡಿಗೆ ಹೋಗಿ ನೆಲೆಸಿದ. ವರ್ಷಾಶನ ಸಾಲದೆ, ಧಣಿಯ ನೆನಪಿಗೆ ಉಳಿದಿದ್ದ ವಸ್ತುಗಳನ್ನು ಒಂದೊಂದಾಗಿ ಮಾರಿದ. 1793ರಲ್ಲಿ ಪತ್ರಿಕೆಯೊಂದಕ್ಕೆ ಅವನನ್ನು ಕಂಡು ಬರೆದವನೊಬ್ಬನ ವರ್ಣನೆ ಉಳಿದಿದೆ: ಕುಳ್ಳ ಆಳು, ಮುಖದ ಮೇಲೆ ಸಿಡುಬಿನ ಕಲೆ, ಹಲ್ಲು ಬಿದ್ದಿವೆ, ಬಟ್ಟೆ ಹಳೆಯದಾದರೂ ಶುಚಿ; ಮೀನು ಹಿಡಿಯುವುದು, ಒಂದಿಷ್ಟು ಆಲೂಗಡ್ಡೆ ಬೆಳೆಯುವುದು, ಅಷ್ಟಿಷ್ಟು ಓದುವುದು. ಆಮೇಲೆ ಹತ್ತಿರದ ಬರ್ನ್ಟ್‌ವುಡ್ ಎಂಬ ಹಳ್ಳಿಗೆ ಹೋಗಿ ಒಂದು ಸಣ್ಣ ಶಾಲೆ ತೆರೆದ. ಯಾರೂ ಅವನನ್ನು ಅಲ್ಲಿಗೆ ಕಳಿಸಿರಲಿಲ್ಲ. 1801ರ ಜನವರಿಯಲ್ಲಿ ಸ್ಟ್ಯಾಫರ್ಡಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ವಂಶದವರು ಆಮೇಲೂ ತಲೆತಲಾಂತರ ಆ ಸೀಮೆಯಲ್ಲೇ ಬಾಳಿದರು.